ಸರಸ್ವತಿಯ ಬಾಗಿಲು

ಹಸು ಆಚೆ ದಡದಲ್ಲಿತ್ತು, ಮುಹೂರ್ತ ಈಚೆ ದಡದಲ್ಲಿ. ನಡುವೆ ಕೆಂಪು ನೀರು. ಎಪ್ಪತ್ತೊಂಬತ್ತರ ಕಾರ್ತೀಕದಲ್ಲಿ ಎರಡು ದಿನ ಬಿಡದೆ ಹೊಡೆದ ಮಳೆಗೆ ಜೆ.ಪಿ. ನಗರದಾಚೆಯ ಕೆರೆ ಕೋಡಿ ಹರಿದು, ಹೊಸ ಬಡಾವಣೆಯ ಹನ್ನೊಂದು ಮನೆಗಳು ಒಂದು ನಡುಗಡ್ಡೆ, ದಿಬ್ಬದ ಮೇಲಿನ ಹಳ್ಳಿ ಇನ್ನೊಂದು ನಡುಗಡ್ಡೆಯಾಗಿ ಕೂತಿದ್ದವು. ಎರಡನ್ನೂ ಕೂಡಿಸುತ್ತಿದ್ದ ಮಣ್ಣಿನ ಏರಿಯಲ್ಲಿ ಮೋರಿಯಿದ್ದ ಜಾಗ ಐದಡಿ ಅಗಲಕ್ಕೆ ಬಾಯಿ ಬಿಟ್ಟಿತ್ತು.

ಹೊಸ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಏರಿಯ ಮೇಲೆ ನಿಂತ ಸರಸ್ವತಿಗೆ ಅಳು ಬರುವಂತಾಗಿತ್ತು. ಇಪ್ಪತ್ತೆರಡು ವರ್ಷ ಹನುಮಂತನಗರದ ವಠಾರದಲ್ಲಿ, ಒಂಬತ್ತು ಹೊಡೆಯುತ್ತಲೇ ಮುಂಬಾಗಿಲಿಗೆ ಬೀಗ ಜಡಿಯುವ ಮಾಲೀಕರ ಕೈಕೆಳಗೆ ಬಾಳಿದವಳು. ಸಿನಿಮಾಕ್ಕೆ ಹೋದರೆ ಕಡೆಯ ಅರ್ಧ ಗಂಟೆ ನೋಡಿದ್ದೇ ಇಲ್ಲ. ಹೊಸ ಮನೆಯಲ್ಲಿ ಅವಳು ಕೇಳಿದ್ದು ಒಂದೇ: ತೇಗದ ಬಾಗಿಲು, ತಾನೇ ಹಾಕಿ ತಾನೇ ತೆಗೆಯುವ ಚಿಲಕ. ಬಾಗಿಲೇನೋ ಬಂದಿತ್ತು. ಕೂರಿಸಬೇಕಾದ ಬಡಗಿ ಮಳೆಗೆ ಬಾರದೆ ಅದು ಹಜಾರದ ಗೋಡೆಗೆ ಒರಗಿ ನಿಂತಿತ್ತು.

"ಮೊದ್ಲು ಹಸು ಹೊಸ್ತಿಲು ದಾಟ್ಬೇಕು, ಆಮೇಲೆ ನೀವು. ಒಂಬತ್ತೂವರೆ ಮೀರಿದ್ರೆ ಮತ್ತೆ ಮಾಘಕ್ಕೇ ನೋಡ್ಬೇಕು," ಎಂದರು ಪುರೋಹಿತ ಗುಂಡಾಶಾಸ್ತ್ರಿಗಳು, ಕೊಡೆಯಡಿಯಿಂದ.

"ಮಾಘಕ್ಕಾ? ಹಳೇ ಮನೆ ಬೀಗದ ಕೈ ಕೊಟ್ಟಾಯ್ತು ಶಾಸ್ತ್ರಿಗಳೇ!" ಎಂದ ಗಂಡ ಅನಂತಪದ್ಮನಾಭ. ಮನೆ ಕಟ್ಟಿ ನೋಡು ಎಂದ ಹಿರಿಯರು ಮಳೆಯಲ್ಲಿ ಹಸು ತಂದು ನೋಡು ಎಂದು ಹೇಳಿರಲಿಲ್ಲ.

ಆಚೆ ದಡದಲ್ಲಿ ತಿಮ್ಮಕ್ಕ ಹಗ್ಗ ಹಿಡಿದು ನಿಂತಿದ್ದಳು. ಬಡಾವಣೆಗೆಲ್ಲ ಹಾಲು ಅವಳದೇ, ಗೃಹಪ್ರವೇಶಕ್ಕೆ ಹಸುವೂ ಅವಳದೇ. ಅವಳ ಗೌರಿ ಆಗಲೇ ಹತ್ತು ಮನೆಗಳಿಗೆ ಯಜಮಾನರಿಗಿಂತ ಮೊದಲು ಕಾಲಿಟ್ಟಿತ್ತು.

"ಅಮ್ಮಾರೇ, ಒಂದ್ ಹಲ್ಗೆ ಅಡ್ಡ ಆಕ್ಸಿ! ಬತ್ತದೆ ನಮ್ ಗೌರಿ!"

ಹಲಗೆಯನ್ನು ಎಲ್ಲಿಂದ ತರುವುದು? ಮೇಸ್ತ್ರಿ ಎಲ್ಲವನ್ನೂ ಹಿಂದಿನ ವಾರವೇ ಇನ್ನೊಂದು ಸೈಟಿಗೆ ಸಾಗಿಸಿದ್ದ. ನೆರೆಮನೆಗಳ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಸರಸ್ವತಿ ಮನೆಯ ಕಡೆ ನೋಡಿದಳು.

"ರೀ, ಬಾಗ್ಲು ತನ್ನಿ."

"ಬಾಗ್ಲಾ? ಹುಚ್ಚಾ ನಿಂಗೆ?"

"ತನ್ನಿ ಅಂದ್ರೆ! ನನ್ನ ಮನಸ್ಸು ಬದಲಾಗೋದ್ರೊಳಗೆ ತನ್ನಿ."

ನಾಲ್ವರು ಬಾಗಿಲು ಹೊತ್ತು ತಂದರು. ತಿಮ್ಮಕ್ಕನ ಗಂಡ ಗಂಗಯ್ಯ ಸೊಂಟಮಟ್ಟದ ನೀರಿಗಿಳಿದು, ಕೊಚ್ಚಿಹೋಗಿದ್ದ ಮೋರಿಯ ಕಲ್ಲುಗಳನ್ನೇ ಪೇರಿಸಿ ನಡುವೆ ಆಸರೆ ಕೊಟ್ಟ. ಗೌರಿ ಮೂಸಿ ನೋಡಿತು, ಗೊರಸಿನಿಂದ ಒಮ್ಮೆ ತಟ್ಟಿತು, ಟೊಳ್ಳು ಸದ್ದಿಗೆ ಬೆಚ್ಚಿ ಹಿಂದೆ ಸರಿಯಿತು. ಹತ್ತು ಗೃಹಪ್ರವೇಶ ಮಾಡಿದ ಹಸುವಿಗೂ ಬಾಗಿಲ ಮೇಲೆ ನಡೆದು ಅಭ್ಯಾಸವಿರಲಿಲ್ಲ.

"ಸಬ್ದಕ್ಕೆ ಎದರ್ತದೆ," ಎನ್ನುತ್ತ ತಿಮ್ಮಕ್ಕ ಸಗಣಿ, ಕೆಸರು, ಹುಲ್ಲು ಬಾಚಿ ಬಾಗಿಲ ತುಂಬ ಮೆತ್ತಿದಳು. ಪಾಲಿಶ್ ಕಂಡ ತೇಗ ಕೊಟ್ಟಿಗೆಯ ನೆಲವಾಯಿತು. ಸರಸ್ವತಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಗೌರಿ ಬಾಲ ಬೀಸುತ್ತ ಈಚೆ ದಡದಲ್ಲಿ ನಿಂತಿತ್ತು. ಒಂಬತ್ತೂ ಇಪ್ಪತ್ತಾಗಿತ್ತು. ಮುಹೂರ್ತ ಮೀರುವ ಮೊದಲೇ ಅದು ಹೊಸ್ತಿಲು ದಾಟಿತು, ಆಮೇಲೆ ಮನೆಯವರು.

ಹಸುವಿನ ಹಿಂದೆ ಹಳ್ಳಿಗೆ ಹಳ್ಳಿಯೇ ಬಂತು. ಬಸವನಗುಡಿಯ ನೆಂಟರಿಗೆ ದಾರಿಯಿರಲಿಲ್ಲ, ನೂರು ಎಲೆಯ ಅಡುಗೆ ಮಾತ್ರ ತಯಾರಿತ್ತು. "ಎಲ್ರೂ ಕೂತ್ಕೊಳ್ಳಿ," ಎಂದಳು ಸರಸ್ವತಿ. ಶಾಸ್ತ್ರಿಗಳು ಒಮ್ಮೆ ಕೆಮ್ಮಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಗಯ್ಯ ಏಳು ಹೋಳಿಗೆ ತಿಂದು, ಎಂಟನೆಯದನ್ನು ನಾಚಿಕೊಂಡು ತಿಂದ. ಬಡಿಸಿ ಬಡಿಸಿ ಸರಸ್ವತಿಯ ಕೈಗಳು ಸೋತವು. ಮದುವೆಯ ದಿನವೂ ಅವಳು ಇಷ್ಟು ಸಂತೋಷಪಟ್ಟಿರಲಿಲ್ಲ.

ಊಟವಾದ ಮೇಲೆ ಅನಂತಪದ್ಮನಾಭ ಪಂಚೆ ಎತ್ತಿಕಟ್ಟಿದ. "ಇನ್ನು ಬಾಗ್ಲು ತೊಳ್ದು ತಂದ್ಬಿಡೋಣ."

ಸರಸ್ವತಿ ಏರಿಯ ಕಡೆ ನೋಡಿದಳು. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಈಚೆಗೆ ಬರುತ್ತಿದ್ದಳು. ಸೀಮೆಎಣ್ಣೆ ಡಬ್ಬದವನೊಬ್ಬ ಆಚೆಗೆ ಹೊರಟಿದ್ದ. ಬಾಗಿಲ ನಡುವೆ ಇಬ್ಬರೂ ಮೈ ವಾರೆ ಮಾಡಿ ಒಬ್ಬರಿಗೊಬ್ಬರು ದಾರಿ ಬಿಟ್ಟರು.

"ಬೇಡ. ಅಲ್ಲೇ ಇರ್ಲಿ. ಇಲ್ಲಿ ಹೊಸ್ತಿಲಿಗೊಂದು ಚಾಪೆ ಕಟ್ಟಿ, ಸಾಕು."

"ಕಳ್ಳ ಬಂದ್ರೆ?"

"ಬರ್ಲಿ, ಹೋಳಿಗೆ ಮಿಕ್ಕಿದೆ."

ಮುಂದೆ ಮೂರು ಮಳೆಗಾಲ ಆ ಬಾಗಿಲು ಅಲ್ಲೇ ಇತ್ತು. ಹಾಲು, ಸೊಪ್ಪು, ಸ್ಕೂಲಿನ ಮಕ್ಕಳು, ಒಂದು ಮದುವೆಯ ದಿಬ್ಬಣ ಕೂಡ ಅದನ್ನು ದಾಟಿದವು. ಎಂಬತ್ತೆರಡರಲ್ಲಿ ಕಾಂಕ್ರೀಟಿನ ಸೇತುವೆ ಕಟ್ಟಿ ದೊಡ್ಡ ಹೆಸರೊಂದನ್ನು ಕೆತ್ತಿಸಿದರೂ, ಎರಡು ದಡದವರೂ "ಬಾಗ್ಲತ್ರ ಸಿಗು" ಎನ್ನುವುದನ್ನು ಬಿಡಲಿಲ್ಲ.

ಆದರೆ ಅವತ್ತು ಸಂಜೆ ಅದಿನ್ನೂ ಸರಸ್ವತಿಯ ಬಾಗಿಲೇ. ಹಳ್ಳಿಯ ನಡೆಯಲಾರದ ಮುದುಕಿಯರಿಗೆಂದು ಹೋಳಿಗೆಯ ಡಬ್ಬ ಹಿಡಿದು ಹೊರಟವಳು, ಅದನ್ನು ತುಳಿಯಲು ಮನಸ್ಸು ಬಾರದೆ ಏರಿಯ ಅಂಚಿನಲ್ಲಿ ನಿಂತುಬಿಟ್ಟಳು.

ತಿಮ್ಮಕ್ಕ ಆಚೆಯಿಂದ ಕೈ ಚಾಚಿದಳು. "ಯಾಕ್ ನಿಂತ್ಕಂಡ್ರಿ ಅಮ್ಮಾರೇ? ಒಳಗ್ ಬನ್ನಿ."

ಸರಸ್ವತಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಬಲಗಾಲನ್ನು ಮುಂದಿಟ್ಟಳು.