ಮಾರಣ್ಣನ ಮೀಸೆ

ಮಾರ್ನಮಿ ಅಮಾಸೆ ಹತ್ತಿರ ಬಂತೆಂದರೆ ಚಿತ್ರದುರ್ಗದ ದಿಲಾವರನ ಫ್ಲೆಕ್ಸ್ ಅಂಗಡಿಯಲ್ಲಿ ಬದುಕಿರುವವರಿಗಿಂತ ಸತ್ತವರ ಕೆಲಸವೇ ಹೆಚ್ಚು. ಹಿರಿಯರಿಗೆ ಎಡೆ ಇಡುವ ದಿನ ಗೋಡೆಯ ಮೇಲೆ ದೊಡ್ಡ ಪಟ ಇರಬೇಕು. ಮನೆಯವರು ತರುವುದೋ ಯಾವುದೋ ಕಾರ್ಡಿನ ಮೇಲಿನ ಉಗುರಿನಷ್ಟು ಮುಖ, ಇಲ್ಲವೇ ಯಾರದೋ ಮದುವೆ ಫೋಟೋದ ಹಿಂದಿನ ಸಾಲಿನಲ್ಲಿ ಇಣುಕಿದ ಅರ್ಧ ತಲೆ. ದೊಡ್ಡದು ಮಾಡಿದರೆ ಮೂಗು ಯಾವುದು, ಬಾಯಿ ಯಾವುದು ತಿಳಿಯುವುದಿಲ್ಲ. ಆಗ ಅಂಗಡಿಯಲ್ಲಿ ಕೆಲಸಕ್ಕಿರುವ ಪ್ರಭುಲಿಂಗ ಕಂಪ್ಯೂಟರಿನ ಮುಂದೆ ಡಿಜಿಟಲ್ ಪೆನ್ ಹಿಡಿದು ಕೂತು, ಆ ಮಸುಕಿನ ಮೇಲೆಯೇ ಮುಖ ಬರೆಯುತ್ತಾನೆ.

ಬರೆಯಲು ಅವನದೇ ಬ್ರಷ್‌ಗಳಿದ್ದವು. ಸಾಫ್ಟ್‌ವೇರಿನ ಜೊತೆ ಬಂದವು ನಮ್ಮ ಕಡೆಯ ಮುಖಗಳಿಗೆ ಹೊಂದುವುದಿಲ್ಲವೆಂದು ಒಂದೊಂದಾಗಿ ತಾನೇ ಮಾಡಿಕೊಂಡಿದ್ದ. ಹೆಗಲ ಕಂಬಳಿಗೆ ಒಂದು, ಸೀರೆಯಂಚಿಗೆ ಒಂದು, ಹಣೆಯ ವಿಭೂತಿಗೆ ಒಂದು. ಮಾಡುವುದು ಕಷ್ಟವೇನಲ್ಲ. ಒಳ್ಳೆಯ ಫೋಟೋದಿಂದ ಬೇಕಾದ ಭಾಗ ಕತ್ತರಿಸಿ, ಕಪ್ಪು ಬಿಳುಪು ಮಾಡಿ, ಬ್ರಷ್ ಎಂದು ಉಳಿಸಿದರಾಯಿತು, ಪೆನ್ ಒತ್ತಿದಲ್ಲೆಲ್ಲ ಅದೇ ಮೂಡುತ್ತದೆ. ಪೆನ್ ಒತ್ತಿದರೆ ಎಷ್ಟು ದಪ್ಪವಾಗಬೇಕು, ಎಷ್ಟು ವಾಲಬೇಕು ಎಂದು ಒಮ್ಮೆ ಹೇಳಿಕೊಟ್ಟರೆ ಆಮೇಲೆ ಅದು ಪಳಗಿದ ಎತ್ತಿನಂತೆ, ಹಾಕಿಕೊಟ್ಟ ಸಾಲು ಬಿಡುವುದಿಲ್ಲ.

ಮೀಸೆಯ ಬ್ರಷ್ ಮಾತ್ರ ಧರ್ಮಪುರದ ಕಡೆಯ ಕುರಿಗಾರ ಮಾರಣ್ಣನದು. ಕುರಿಮಂದೆ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆಗಳಿಗೆ ಹೋದವನು ಅಲ್ಲೇ ಬದುವಿನ ಮೇಲೆ ತೀರಿಕೊಂಡಿದ್ದ. ಹೆಂಡತಿ ನಿಂಗಕ್ಕ ತಂದ ಫೋಟೋದಲ್ಲಿ ಮೀಸೆ ಒಂದೊಂದು ಕೂದಲೂ ಕಾಣುವಷ್ಟು ಸ್ಪಷ್ಟವಾಗಿತ್ತು. ಎಡತುದಿ ಮೇಲಕ್ಕೆ, ಬಲತುದಿ ಕೆಳಕ್ಕೆ. ಎಳೆಯನಾಗಿದ್ದಾಗ ಟಗರು ಗುದ್ದಿ ತುಟಿ ಸೀಳಿದ್ದರಿಂದ ಬಲಗಡೆ ಕೂದಲು ಹುಟ್ಟದ ಒಂದು ಗೆರೆ. ಅಂಥ ಮೀಸೆಯನ್ನು ಬಿಡಲು ಪ್ರಭುಲಿಂಗನಿಗೆ ಮನಸ್ಸಾಗಲಿಲ್ಲ. ಅಂದಿನಿಂದ ಯಾರ ಮೀಸೆ ಮಸುಕಾಗಿದ್ದರೂ ಮಾರಣ್ಣನದನ್ನೇ ಹಚ್ಚಿದ. ಮೀಸೆಯ ಓರೆ ಬದಲಾಯಿಸುವ ಆಯ್ಕೆ ಇತ್ತು. ಬದಲಾಯಿಸಿದರೆ ಅಂಟಿಸಿದಂತೆ ಕಾಣುತ್ತದೆಂದು ಅದನ್ನು ಆಫ್ ಮಾಡಿಟ್ಟಿದ್ದ. ಬಂದವರೆಲ್ಲ, “ಥೇಟ್ ನಮ್ಮಪ್ಪನೇ” ಎಂದು ಕಣ್ಣೊರೆಸಿಕೊಂಡು ಒಯ್ದರು. ಸತ್ತವರ ಪಟವನ್ನು ಜನ ಕಣ್ಣಿನಿಂದ ನೋಡುವುದಿಲ್ಲ, ಆಸೆಯಿಂದ ನೋಡುತ್ತಾರೆ.

ಅಮಾಸೆಗೆ ಇನ್ನೊಂದು ವಾರವಿರುವಾಗ ನಿಂಗಕ್ಕ ಹಿರಿಯೂರು ಬಸ್ಸಿಳಿದು ಅಂಗಡಿಗೆ ಬಂದಳು. ಗುರುತು ಸಿಗದಷ್ಟು ಬಡವಾಗಿದ್ದಳು. ರವಿಕೆಯ ತೋಳು ಜೋಲುತ್ತಿತ್ತು.

“ಬರ್ರಿ ಅಕ್ಕ, ಕುಂತ್ಕಳ್ರಿ,” ಎಂದು ದಿಲಾವರ್ ಸ್ಟೂಲು ಸರಿಸಿದ. “ಪಟ ಮಾಸೈತಾ?”

“ಪಟ ಚೆನ್ನಾಗೈತಪ್ಪ. ನೀವು ಊರೂರಿಗೂ ಬೋರ್ಡು ಕಟ್ಟೋರು, ಕೇಳಿ ಹೋಗಾಣ ಅಂತ ಬಂದೆ. ನಮ್ಮ ಯಜಮಾನ ಎಲ್ಲಾದ್ರೂ ಕಂಡನಾ?”

ದಿಲಾವರ್ ಪ್ರಭುಲಿಂಗನ ಮುಖ ನೋಡಿದ.

“ಹಿರಿಯೂರಾಗೆ ಒಂದು ಶ್ರದ್ಧಾಂಜಲಿ ಬೋರ್ಡು ನೋಡಿದೆ,” ಎಂದಳು ನಿಂಗಕ್ಕ. “ಮುಖ ಯಾರದೋ. ಮೂಗಿನ ಕೆಳಗೆ ಆತ. ಹೊಸದುರ್ಗದಾಗೂ ಹಂಗೇ. ಹರಕೆ ಒಪ್ಪಿಸಾಕೆ ಹೊರಕೆರೆದೇವಪುರಕ್ಕೆ ಹೋದ್ರೆ ಅಲ್ಲೂ ಕಂಬದ ಮೇಲೆ. ಅದೇ ಗೆರೆ. ಶಾಸ್ತ್ರ ಹೇಳೋರ ಹತ್ರ ಕೇಳಿದೆ. ದಾರೀಲಿ ಸತ್ತೋನು ಮನೆಗೆ ಬಂದಿಲ್ಲ, ಹಸ್ಕೊಂಡು ಕಂಡೋರ ಮುಖದಾಗೆ ಸೇರ್ಕೊಂಡು ತಿರುಗ್ತಾನೆ ಅಂದ್ರು. ಸಂಜೆ ಹೊಸ್ತಿಲಾಚೆ ಉಣ್ಣಾಕೆ ಇಡ್ತೀನಿ. ನಾಯಿ ಉಣ್ತೈತೆ, ಆತ ಬರಲ್ಲ. ಆತ ಉಣ್ಣದೆ ನಾನೆಂಗೆ ಉಣ್ಣಲಿ?”

ಪ್ರಭುಲಿಂಗನ ಕೈಯಲ್ಲಿದ್ದ ಪೆನ್ ನಿಂತಿತು. ಅವನ ಎದುರಿನ ಪರದೆಯಲ್ಲಿ ಹೊಳಲ್ಕೆರೆಯ ಯತ್ತಪ್ಪನ ಮುಖವಿತ್ತು. ಅದಕ್ಕೂ ಈಗಷ್ಟೇ ಅದೇ ಮೀಸೆ ಹಚ್ಚಿದ್ದ, ಇನ್ನೂ ಚಹಾ ಕೂಡ ಕುಡಿದಿರಲಿಲ್ಲ. ಪರದೆಯನ್ನು ಮೆಲ್ಲಗೆ ಗೋಡೆ ಕಡೆ ತಿರುಗಿಸಿದ.

ದಿಲಾವರ್ ಬಗ್ಗಿ ಅವನ ಕಿವಿಯಲ್ಲಿ, “ಬಾಯಿ ಬಿಡಬ್ಯಾಡ ಲೇ. ಇವತ್ತು ಇವಳಿಗೆ ಹೇಳಿದ್ರೆ ನಾಳೆ ಜಿಲ್ಲೆಯೆಲ್ಲಾ ಬಂದು ನಮ್ಮಪ್ಪಂಗೆ ಯಾವನ ಮೀಸೆ ಹಚ್ಚಿದೀಯ ಅಂತೈತೆ,” ಎಂದ.

ಪ್ರಭುಲಿಂಗ, “ನೆನೆಸ್ಕೊಂಡು ನೆನೆಸ್ಕೊಂಡು ಹಂಗೆ ಕಂಡಿರ್ತೈತಕ್ಕ,” ಎಂದ.

“ಆ ಮೀಸೆಗೆ ಬೆಣ್ಣೆ ಹಚ್ಚಿದ ಕೈ ಇದು. ನಂಗೆ ಹೇಳಾಕೆ ಬರ್ತೀಯ?”

ಅಷ್ಟರಲ್ಲಿ ಯತ್ತಪ್ಪನ ಮಗಳು ಚೈತ್ರಾ ಬಂದಳು. ಅಪ್ಪನ ಪಟ ಆಯಿತೇ ಎಂದು ಕೇಳುತ್ತಲೇ ಒಳಗೆ ಬಂದು, ತಾನೇ ಪರದೆಯನ್ನು ಇತ್ತ ತಿರುಗಿಸಿಕೊಂಡಳು. ಕಣ್ಣು ಕೀಳದೆ ನೋಡಿದಳು. “ನಗೋ ಮುಂಚೆ ಅಪ್ಪನ ತುಟಿ ಹಿಂಗೇ ಸೊಟ್ಟ ಆಗ್ತಿತ್ತು. ನಿಮಗೆ ಹೆಂಗೆ ಗೊತ್ತಾಯ್ತು ಸರ್?”

ಪ್ರಭುಲಿಂಗ ನಿಂಗಕ್ಕನನ್ನು ನೋಡುತ್ತಿದ್ದ. ಅವಳು ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಚೀಲದಿಂದ ಮಂಡಕ್ಕಿಯ ಪೊಟ್ಟಣ ತೆಗೆದು ಬಿಚ್ಚಿ ಕೀಬೋರ್ಡಿನ ಪಕ್ಕದಲ್ಲಿಟ್ಟಳು. “ಇಲ್ಲಿಗೂ ಬಂದ್ಯಾ,” ಎಂದಳು ಪರದೆಗೆ. “ಉಣ್ಣು. ಉಂಡು ಮನೆಗೆ ನಡಿ.”

“ಯಾರ್ರಿ ಇವ್ರು?” ಎಂದಳು ಚೈತ್ರಾ.

“ಹಳೇ ಗಿರಾಕಿ ಕಣಮ್ಮ. ಬಾ, ನೀನು ಚೌಕಟ್ಟು ಆರಿಸ್ಕಾ ಬಾ,” ಎಂದು ದಿಲಾವರ್ ಅವಳನ್ನು ಹೊರಜಗಲಿಗೆ ಕರೆದೊಯ್ದ.

ಪ್ರಭುಲಿಂಗನಿಗೆ ಮಂಡಕ್ಕಿಯ ಕಡೆ ನೋಡಲಾಗಲಿಲ್ಲ. ಯತ್ತಪ್ಪನ ಪಟ ಮುಚ್ಚಿ, ಖಾಲಿ ಬಿಳಿ ಹಾಳೆ ತೆರೆದು, ಬ್ರಷ್ ಆರಿಸಿ ಪೆನ್ ಒತ್ತಿದ. ಮುಖವೇ ಇಲ್ಲದ ಬಿಳುಪಿನ ಮೇಲೆ ಮಾರಣ್ಣನ ಮೀಸೆ ಮೂಡಿತು. ಅದರ ಪಕ್ಕದಲ್ಲಿ ಇನ್ನೊಂದು. ಕೆಳಗೆ ಮತ್ತೊಂದು.

“ನಿಮ್ಮ ಯಜಮಾನ ಎಲ್ಲೂ ತಿರುಗ್ತಿಲ್ಲಕ್ಕ. ಆತನ ಫೋಟೋದಿಂದ ಮೀಸೆ ತೆಗ್ದು ಕಂಡೋರಿಗೆಲ್ಲಾ ಹಚ್ಚಿದೋನು ನಾನು.”

ನಿಂಗಕ್ಕ ಪರದೆಯ ಹತ್ತಿರ ಬಗ್ಗಿದಳು. ಒಂದೊಂದು ಮೀಸೆಯ ಗೆರೆಯ ಮೇಲೂ ಬೆರಳಿಟ್ಟಳು. ನಿಧಾನಕ್ಕೆ ಸ್ಟೂಲಿನ ಮೇಲೆ ಕೂತಳು.

“ಹಂಗಾದ್ರೆ ಆತ ಹಸ್ಕೊಂಡಿಲ್ಲ.”

“ಇಲ್ಲಕ್ಕ.”

“ಕುರಿ ಉಣ್ಣೆ ಕತ್ತರಿಸಾಕೂ ನಾವು ಮೈ ಸವರಿ ಕತ್ತರಿಸ್ತೀವಪ್ಪ. ನೀನು ಒಂದು ಮಾತು ಕೇಳಲಿಲ್ಲ.”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. “ತಪ್ಪಾತಕ್ಕ,” ಎಂದ. “ಆ ಹುಡುಗಿಗೂ ಹೇಳಿಬಿಡ್ತೀನಿ.”

“ಹೇಳಿ ಏನು ಮಾಡ್ತೀಯ? ಅಪ್ಪ ಸಿಕ್ಕ ಅಂತ ಖುಷಿಯಾಗವ್ಳೆ, ತಗಂಡು ಹೋಗಲಿ ಬಿಡು. ಇನ್ಮೇಲೆ ಯಾರಿಗೂ ಬ್ಯಾಡ.”

ಅವನು ಅವಳ ಎದುರಿಗೇ ಬ್ರಷ್ ಅಳಿಸಿದ. ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದ.

ನಿಂಗಕ್ಕ ಪೊಟ್ಟಣವನ್ನು ಮಡಿಲಿಗೆ ಎಳೆದುಕೊಂಡು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಬಹಳ ದಿನದ ಹಸಿವು, ಹಿಡಿಯ ಮೇಲೆ ಹಿಡಿ ತಿಂದಳು. ಚೈತ್ರಾಳನ್ನು ಕಳಿಸಿ ದಿಲಾವರ್ ಒಳಗೆ ಬರುವ ಹೊತ್ತಿಗೆ ಅರ್ಧ ಪೊಟ್ಟಣ ಖಾಲಿಯಾಗಿತ್ತು.

“ಮೀಸೆ ಹೋಗಲಿ,” ಎಂದಳು ಬಾಯೊರೆಸಿಕೊಂಡು. “ನಮ್ಮನೆ ಪಟದಾಗೆ ಕಣ್ಣು ಆತಂದೇ ತಾನೇ? ಬೆಳಗಾಗೆದ್ದು ಆ ಕಣ್ಣು ನೋಡೇ ಮಾತಾಡ್ತೀನಿ. ಏನು ಹೇಳಿದ್ರೂ ಬೇಜಾರಿಲ್ದಂಗೆ ನೋಡ್ತಾನೆ.”

ಅವಳು ತಂದಿದ್ದ ಫೋಟೋದಲ್ಲಿ ಮಾರಣ್ಣ ಬಿಸಿಲಿಗೆ ಕಣ್ಣು ಮುಚ್ಚಿದ್ದ. ಮುಚ್ಚಿದ ಕಣ್ಣಿನ ಪಟ ಗೋಡೆಗೆ ಚೆನ್ನಾಗಿರುವುದಿಲ್ಲವೆಂದು ಆವತ್ತು ಪ್ರಭುಲಿಂಗ ದಿಲಾವರನನ್ನು ಬಾಗಿಲ ಬೆಳಕಿಗೆ ಕೂರಿಸಿ, ಅವನ ಕಣ್ಣಿನ ಫೋಟೋ ತೆಗೆದು ಬ್ರಷ್ ಮಾಡಿ ಮಾರಣ್ಣನ ಮುಖಕ್ಕೆ ಒತ್ತಿದ್ದ. ಅದು ಇಬ್ಬರಿಗೇ ಗೊತ್ತಿತ್ತು.

ಈಗ ಹೇಳಬಹುದಿತ್ತು. ಒಂದು ತಪ್ಪು ಒಪ್ಪಿಕೊಂಡ ನಾಲಿಗೆಗೆ ಇನ್ನೊಂದು ಒಪ್ಪಿಕೊಳ್ಳುವುದು ಅಷ್ಟೇನೂ ಭಾರವಲ್ಲ. ಆದರೆ ಅವಳ ಕೈ ಇನ್ನೊಂದು ಹಿಡಿ ಮಂಡಕ್ಕಿ ಎತ್ತಿಕೊಂಡು, ಅವನ ಉತ್ತರಕ್ಕೆ ಕಾಯುತ್ತ ಬಾಯಿಯ ಹತ್ತಿರ ನಿಂತಿತ್ತು.

“ಆತಂದೇ ಅಕ್ಕ,” ಎಂದ ಪ್ರಭುಲಿಂಗ.

ಅವಳು ತಿಂದಳು. ಪೊಟ್ಟಣವನ್ನು ದಿಲಾವರನ ಕಡೆ ಚಾಚಿ, “ತಗಳಪ್ಪ, ನೀನೂ ಒಂದೀಟು ತಿನ್ನು,” ಎಂದಳು. ಫ್ಲೆಕ್ಸ್ ಸುರುಳಿಯನ್ನು ಸುಮ್ಮನೆ ಬಿಚ್ಚಿ ಸುತ್ತುತ್ತಿದ್ದ ದಿಲಾವರ್, ತಲೆ ಎತ್ತದೆಯೇ ಕೈಯೊಡ್ಡಿದ.