ಕೈಗೆ ಕೊಟ್ಟ ಛಾಟ

ಬಾಲಮಣಿ ಹೆಣದ ಬೆರಳುಗಳಿಗೆ ನಿಂಬೆಹೋಳು ಹಚ್ಚಿ ತಿಕ್ಕುತ್ತಿದ್ದಳು. ಅಂಗಳದ ಮೂಲೆಯಲ್ಲಿ ಎರಡು ಸೀರೆಗಳನ್ನು ಮರೆಗೆ ಕಟ್ಟಿ, ಕನಕವ್ವನನ್ನು ಹಲಗೆಯ ಮೇಲೆ ಕೂರಿಸಿ ಸ್ನಾನ ಮಾಡಿಸುತ್ತಿದ್ದರು. ಮಗಳು ಅರುಣಾ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದಳು. ಹೊಯ್ಯಿ ಎಂದಾಗ ಹೊಯ್ಯುವುದು, ಸಾಕು ಎಂದಾಗ ನಿಲ್ಲಿಸುವುದು; ಅದಕ್ಕಿಂತ ಹೆಚ್ಚಿನ ಕೆಲಸವನ್ನು ಅವಳ ತಲೆ ಬೆಳಗಿನಿಂದ ಮಾಡುತ್ತಿರಲಿಲ್ಲ.

"ಹೋಗವಲ್ದು ನೋಡು ಈ ತಂಬಾಕಿನ ಬಣ್ಣ," ಎಂದಳು ಬಾಲಮಣಿ. ಅವಳು ಪಕ್ಕದ ಮನೆಯವಳು, ನಲವತ್ತು ವರ್ಷ ಕನಕವ್ವನ ಎದುರಿಗೆ ಕೂತು ಬೀಡಿ ಕಟ್ಟಿದವಳು. "ಇಕಿನ್ನ ಸುಟ್ಟರ ಹೊಗಿನೂ ಬೀಡಿ ವಾಸನಿ ಹೊಡೀತೈತಿ."

ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕು ಸೆರಗು ಬಾಯಿಗೆ ತುರುಕಿಕೊಂಡರು.

"ಅಳವ್ವ ಅರುಣಾ, ಅತ್ತರ ಹಗುರ ಆಗ್ತೈತಿ," ಎಂದು ಇನ್ನೊಬ್ಬಳು ಬೆನ್ನು ಸವರಿದಳು. ಅರುಣಾ ಯತ್ನಿಸಿ ನೋಡಿದ್ದಳು. ಒಳಗೆ ಅಳು ಇರಲಿಲ್ಲ. ನಸುಕಿನಲ್ಲಿ ಅವ್ವನ ಕಾಲು ಮುಟ್ಟಿ, ಅದು ತಣ್ಣಗಾದದ್ದು ಕೈಗೆ ತಿಳಿದಾಗ ಅವಳಿಗೆ ಮೊದಲು ಹೊಳೆದದ್ದು ಒಂದೇ ಮಾತು: ಇನ್ನು ಇವತ್ತು ಮೂರು ಗಂಟೆಗೆ ಹೋಗಬೇಕಾಗಿಲ್ಲ.

ಮೂರು ಗಂಟೆಗೆ ಹತ್ತಿರದ ಶಾಲೆಯಲ್ಲಿ ಬಾಲವಾಡಿ ಶಿಕ್ಷಕಿಯ ಕೆಲಸಕ್ಕೆ ಸಂದರ್ಶನವಿತ್ತು. ಒಂದೇ ಜಾಗ, ಒಂದೇ ದಿನ. ಹನ್ನೆರಡನೆಯ ತರಗತಿ ಪಾಸಾಗಿದ್ದ ಅರುಣಾ, ಬೀಡಿ ಕಟ್ಟುತ್ತಲೇ ಗಲ್ಲಿಯ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದವಳು. ಹಿಂದಿನ ಎರಡು ವರ್ಷವೂ ಅರ್ಜಿ ಬರೆದು ಟ್ರಂಕಿನಲ್ಲೇ ಇಟ್ಟಿದ್ದಳು. ಈ ಸಲ ಅವ್ವ ರಟ್ಟೆ ಹಿಡಿದು ಕರೆದೊಯ್ದು ಕೊಡಿಸಿದ್ದಳು. ಹನ್ನೊಂದು ವರ್ಷದ ಹಿಂದೆ ಗಂಡನ ಮನೆಯವರು "ಈಕಿ ನಮಗ ಬ್ಯಾಡ" ಎಂದು ಬಾಗಿಲಿಗೆ ತಂದು ಬಿಟ್ಟುಹೋದಂದಿನಿಂದ ಅರುಣಾ ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೇಳದವರಿಗೆ ಇಲ್ಲ ಅನ್ನುವವರು ಯಾರು? ಈಗ ಸಾವೇ ಅವಳ ಪರವಾಗಿ ರಜಾ ಚೀಟಿ ಬರೆದುಕೊಟ್ಟಿತ್ತು. ತಾಯಿ ಸತ್ತ ದಿನ ಮಗಳಿಗೆ ನಿರಾಳವಾಗಿತ್ತು. ಅದನ್ನು ಯಾರಿಗೂ ಕಾಣದ ಹಾಗೆ ಎಲ್ಲಿಡಬೇಕೆಂದು ತಿಳಿಯದೆ ಅವಳು ನೀರು ಹೊಯ್ಯುತ್ತಿದ್ದಳು.

"ಆತೇನ್ರವ್ವ? ಬಿಸಿಲು ಏರಾಕತ್ತೈತಿ," ಎಂದು ಮರೆಯ ಆಚೆಯಿಂದ ಅಂಬಾದಾಸ ಮಾವನ ದನಿ ಬಂತು. ಕನಕವ್ವನ ಅಣ್ಣ. ತವರಿನ ಸೀರೆ ತಂದವನು ಅದನ್ನು ಕೈಯಲ್ಲಿ ಹಿಡಿದೇ ನಿಂತಿದ್ದ. ಬಾಲಮಣಿ ಅದನ್ನು ಇಸಿದುಕೊಂಡು ಅಂಚು ತಿರುವಿ ನೋಡಿದಳು.

"ಇಷ್ಟು ಚಲೋ ಸೀರಿ ಬದುಕಿದ್ದಾಗ ಒಂದಾರ ಕೊಟ್ಟಿದ್ದೇನಪ್ಪ?" ಎಂದಳು.

*

ಆಗ ಅರುಣಾಳಿಗೆ ಹತ್ತೊಂಬತ್ತು.

ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಕಿಟಕಿ ಹೆಂಗಸರ ಎದೆಮಟ್ಟಕ್ಕಿತ್ತು. ಒಳಗೆ ಚೆಕ್ಕರ್ ಕೂರುತ್ತಿದ್ದ. ಬುಟ್ಟಿಯಿಂದ ಒಂದೊಂದೇ ಕಟ್ಟು ಎತ್ತಿ ಹಿಸುಕಿ ನೋಡುವನು. ಸಡಿಲ ಅನ್ನಿಸಿದರೆ ಲಟಕ್ಕನೆ ಮುರಿದು ಕಿಟಕಿಯಿಂದ ಆಚೆ ಎಸೆಯುವನು. ಹಾಗೆ ಬೇಡವಾದದ್ದಕ್ಕೆ ಛಾಟ ಎಂದು ಹೆಸರು. ಕಟ್ಟಿದವಳು ಮೂವತ್ತು ಹೆಂಗಸರ ಕಣ್ಣೆದುರು ಬಗ್ಗಿ ಅದನ್ನು ಆರಿಸಿಕೊಳ್ಳಬೇಕು.

ಪ್ರತಿ ದಸರೆಗೆ ಬ್ರಾಂಚಿನಲ್ಲಿ ಪೂಜೆ ಮುಗಿದು ಪೇಢೆ ಹಂಚುವಾಗ ಕನಕವ್ವ ಮ್ಯಾನೇಜರನ ಮುಂದೆ ಹೋಗಿ ನಿಲ್ಲುವಳು.

"ಸಾಹೇಬ್ರ, ನನ್ನ ಚೆಕ್ಕರ್ ಮಾಡ್ರಿ."

"ಚೆಕ್ಕರ್ ಗಂಡಸು ಇರ್ತಾನ ಕನಕವ್ವ."

"ಕಟ್ಟೋರು ಹೆಂಗಸ್ರಲ್ರಿ. ಬಿಗಿ ಯಾವುದು ಸಡಿಲು ಯಾವುದು ನಮಗ ತಿಳಿಯೂದಿಲ್ಲೇನು?"

ಮ್ಯಾನೇಜರ್ ನಕ್ಕು ಅವಳ ಕೈಗೆ ಇನ್ನೊಂದು ಪೇಢೆ ಹಾಕಿದ. "ತಿನ್ನು. ಮುಂದಿನ ವರ್ಷ ನೋಡೂಣು."

ಸಾಲಿಗೆ ಸಾಲೇ ನಕ್ಕಿತು. ಕನಕವ್ವನೂ ನಕ್ಕು ಪೇಢೆ ಬಾಯಿಗೆ ಹಾಕಿಕೊಂಡಳು. ಬುಟ್ಟಿ ಹೊತ್ತು ಹಿಂದೆ ನಿಂತಿದ್ದ ಅರುಣಾಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಈಕೆಗೆ ನಾಚಿಕೆಯಿಲ್ಲ, ಹುಟ್ಟಾ ಗಟ್ಟಿ ಜೀವ ಎಂದುಕೊಂಡಳು. ಗಟ್ಟಿ ಹೆಂಗಸರು ಬೇರೆ, ತನ್ನಂಥವರು ಬೇರೆ. ಹಾಗೆಂದುಕೊಳ್ಳುವುದು ಅವಳಿಗೆ ಅಂದಿನಿಂದ ಬಹಳ ಅನುಕೂಲವಾಗಿತ್ತು.

*

ಗಂಡಸರು ಹೆಣ ಎತ್ತಿಕೊಂಡು ಹೋದರು. ತಮ್ಮ ದತ್ತು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹೆಂಗಸರು ಗಲ್ಲಿಯ ತುದಿಯವರೆಗೆ ಹೋಗಿ ತಿರುಗಿ ಬಂದು, ತಲೆಗೆ ನೀರು ಹಾಕಿಕೊಂಡು ಪಡಸಾಲೆಯಲ್ಲಿ ಕೂತರು. ಬಾಲಮಣಿಯ ಮನೆಯಿಂದ ಚಹಾ ಬಂತು.

"ನಾಕೇ ತಿಂಗಳು ಚೆಕ್ಕರ್ ಆಗಿದ್ಲು ನೋಡು," ಎಂದು ಬಾಗಿಲ ಬಳಿಯ ಮುದುಕಿ ಶುರುಮಾಡಿದಳು. "ಐವತ್ತು ದಾಟಿದ ಮ್ಯಾಲ ಕೊಟ್ರು, ಕೊಟ್ಟ ನಾಕ ತಿಂಗಳಿಗೆ ಬ್ರಾಂಚ ಮುಚ್ಚಿದ್ರು. ಮತ್ತ ಮೊರ ತೊಡಿಮ್ಯಾಲ ಇಟ್ಕೊಂಡು ಬೀಡಿ ಕಟ್ಟಾಕ ಕುಂತ್ಲು."

"ಮೊದಲನೇ ದಿನ ನನ್ನ ಕಟ್ಟ ಮುರದ್ಲು," ಎಂದಳು ಬಾಲಮಣಿ. "ಬಾಜೂ ಮನ್ಯಾಕಿ ಅಂತ ಕಣ್ಣು ಮುಚ್ಚಲಿಲ್ಲ. ಸಂಜೀಕ ನಮ್ಮನಿಗೇ ಬಂದು ಚಾ ಕೇಳಿದ್ಲು. ಹಲ್ಲು ಕಡಕೋತ ಕೊಟ್ಟೆ."

"ಆದ್ರ ಎಸೀಲಿಲ್ಲಲ್ಲ," ಎಂದಳು ಮುದುಕಿ. "ಛಾಟ ಆದ್ರೂ ಕಿಟಕಿಯಾಗಿಂದ ಕೈ ಚಾಚಿ ನಮ್ಮ ಕೈಯಾಗ ಕೊಡ್ತಿದ್ಲು. ನನ್ನ ಜನ್ಮದಾಗ ಬಗ್ಗಿ ಆರಿಸಲಾರದ್ದು ಆ ನಾಕ ತಿಂಗಳೇ."

ಚಹಾ ಮುಗಿಸಿ ಒಬ್ಬೊಬ್ಬರೇ ಎದ್ದರು. ಸಾವಿನ ಮನೆಯಲ್ಲಿ ಬರ್ತೀವಿ ಅನ್ನಬಾರದು. ಲೋಟ ಬೋರಲಿಟ್ಟು ಸುಮ್ಮನೆ ಹೊರಗೆ ಹೋದರು.

ಗಡಿಯಾರ ಎರಡು ತೋರಿಸುತ್ತಿತ್ತು. ಬಾಲಮಣಿ ಮಾತ್ರ ಉಳಿದಿದ್ದಳು.

"ಮೂರಕ್ಕಲ್ಲೇನು ನಿಂದು?"

"ಸೂತಕ ಐತಲ್ಲ ಚಿಕ್ಕವ್ವ." ಉತ್ತರ ತೀರ ಬೇಗ ಬಂತೆಂದು ಅರುಣಾಳಿಗೇ ಅನ್ನಿಸಿತು. ಬಾಲಮಣಿ ಅವಳ ಮುಖವನ್ನೇ ನೋಡುತ್ತ ಕೂತಳು. ಆ ನೋಟಕ್ಕೆ ಅರುಣಾಳ ಬಾಯಿ ತಾನಾಗಿ ಬಿಚ್ಚಿತು. "ಅಳು ಬರವಲ್ದು. ಅವ್ವ ಹೋದ್ಲು ಅಂತ ಗೊತ್ತಾದಾಗ, ಹೋಗೂದು ತಪ್ಪಿತು ಅಂತ ಅನ್ನಿಸ್ತು ನನಗ. ಮೊದಲು ಅದೇ ಅನ್ನಿಸ್ತು. ನಾ ಎಂಥಾಕಿ ಚಿಕ್ಕವ್ವ?"

ಬಾಲಮಣಿ ಬೈಯಲಿಲ್ಲ. ಎಲೆಯಡಿಕೆಯ ಚೀಲ ಬಿಚ್ಚಿ, ಯಾಕೋ ಮತ್ತೆ ಕಟ್ಟಿದಳು.

"ನಿಮ್ಮಪ್ಪ ಸತ್ತಾಗ ದಸರಾಕ್ಕ ಮೂರು ದಿನ ಇತ್ತು. ಆ ವರ್ಷ ಚೆಕ್ಕರ್ ಬಿದ್ದು ಕಾಲು ಮುರಕೊಂಡಿದ್ದ. ಮ್ಯಾನೇಜರ್ ತಾನ ಹೇಳಿಕಳಿಸಿದ್ದ, ದಸರಾ ದಿನ ಬಾ, ಕೆಲಸದ್ದು ಮಾತಾಡೂಣು ಅಂತ. ನಿಮ್ಮವ್ವ ಹೋಗಲಿಲ್ಲ. ಸೂತಕ ಅಂದ್ಲು. ಹತ್ತು ದಿನ ಮುಗಿಯೂದ್ರಾಗ ಬ್ಯಾರೆಯವನ್ನ ತಂದು ಕೂಡ್ರಿಸಿದ್ರು. ಆಮ್ಯಾಲ ಆ ಕೆಲಸ ಆಕಿಗೆ ಸಿಗಾಕ ಆರು ವರ್ಷ ಹೋತು."

"ಗಂಡ ಸತ್ತಾಗ ಹೆಂಗ ಹೋಗ್ತಾಳ?"

"ನಾನೂ ಅದನ್ನ ಅಂದೆ. ಅದಕ್ಕಾಕಿ ಏನಂದ್ಲು? 'ಬಾಲಾ, ನಾ ದುಃಖಕ್ಕ ಉಳೀಲಿಲ್ಲ. ಹೋಗೂದು ತಪ್ಪಿತಲ್ಲ ಅಂತ ಉಳದೆ. ಅವರ ಹೆಣದ ಮುಂದ ಕುಂತು ನನ್ನ ಹೊಟ್ಟಿ ತಣ್ಣಗಾಗಿತ್ತು.' ಸಾಯೂತನಕ ಅದನ್ನ ನನಗೊಬ್ಬಾಕಿಗೆ ಹೇಳ್ಯಾಳ."

"ಅವ್ವ ಯಾರಿಗೂ ಹೆದರ್ತಿರಲಿಲ್ಲ," ಎಂದಳು ಅರುಣಾ. ಜಗಳದ ದನಿ ಬಂದಿತ್ತು.

"ಹೆದರ್ತಿರಲಿಲ್ಲಂತ. ಪ್ರತಿ ದಸರಾ ಮುಂಜಾನೆ ನಮ್ಮ ಹಿತ್ತಲದಾಗ ವಾಂತಿ ಮಾಡಿ, ಬಾಯಿ ತೊಳಕೊಂಡು ಹೋಗ್ತಿದ್ಲು. ನಿಮ್ಮ ಹಿತ್ತಲದಾಗ ಯಾಕ ಮಾಡ್ತಿರಲಿಲ್ಲ ಹೇಳು? ನೀ ನೋಡ್ತಿ ಅಂತ."

ಅರುಣಾ ಎದ್ದು ಟ್ರಂಕಿನ ಮುಚ್ಚಳ ತೆಗೆದಳು.

*

ಅವಳು ಕಾಗದಗಳ ಚೀಲ ಹಿಡಿದು ಹೊಸ್ತಿಲು ದಾಟುವುದಕ್ಕೂ ಸುಡುಗಾಡಿನಿಂದ ಗಂಡಸರು ಬರುವುದಕ್ಕೂ ಸರಿಹೋಯಿತು. ಮಾವ ಬೇವಿನೆಲೆ ಅಗಿಯುತ್ತಿದ್ದವನು ಅಲ್ಲೇ ನಿಂತ.

"ಎಲ್ಲಿಗೆ?"

"ಸಾಲಿಗೆ. ಕೆಲಸದ್ದು ಕೇಳಿ ಬರಾಕ."

"ಚಿತಿ ಇನ್ನೂ ಉರಿಯಾಕತ್ತೈತಿ. ಮಂದಿ ಏನಂದಾರು?"

"ಮಂದಿ ಅಂದ್ರ ನಾನ," ಎಂದಳು ಬಾಲಮಣಿ ಒಳಗಿನಿಂದ. "ನಾ ಏನೂ ಅನ್ನಾಕತ್ತಿಲ್ಲ."

ದತ್ತು ಅಕ್ಕನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಬರ್ತೀನಿ ಅನ್ನುವ ಮಾತು ನಾಲಗೆಗೆ ಬಂದರೂ ಅದನ್ನು ನುಂಗಿಕೊಂಡು ಅರುಣಾ ಗಲ್ಲಿಗೆ ಇಳಿದಳು.

ಶಾಲೆಯ ಹೊರಗಿನ ಬೆಂಚಿನ ಮೇಲೆ ಐದಾರು ಜನ ಇಸ್ತ್ರಿ ಸೀರೆಯ ಹುಡುಗಿಯರಿದ್ದರು. ಅವಳ ಒದ್ದೆ ಕೂದಲು ಕಂಡು ಒಬ್ಬಳು ಸರಿದು ಕೂತಳು. ಸರಿದದ್ದು ಜಾಗ ಕೊಡಲಿಕ್ಕಲ್ಲ. ಅರುಣಾ ಎರಡು ಸಲ ಎದ್ದು ಗೇಟಿನವರೆಗೆ ಹೋಗಿ ಎರಡು ಸಲ ವಾಪಸು ಬಂದಳು. ಹೆಸರು ಕೂಗಿದಾಗ ಬೆಂಚಿನ ಹತ್ತಿರವೇ ಇದ್ದಳು, ಅಷ್ಟೇ.

ಒಳಗೆ ಮೂವರಿದ್ದರು. ನಡುವೆ ಕೂತಿದ್ದ ಮೇಡಂ ಪೆನ್ನು ಕೆಳಗಿಟ್ಟರು.

"ನಿಮ್ಮ ತಾಯಿ ಇವತ್ತೇ ತೀರಿಕೊಂಡ್ರಂತ, ಹೊರಗ ಹೇಳಿದ್ರು. ಹೋಗ್ರಿ ಮನೀಗೆ, ನಾವೇನೂ ತಪ್ಪು ತಿಳಕೊಳ್ಳೂದಿಲ್ಲ. ಮುಂದಿನ ವರ್ಷ ನೋಡೂಣು."

ದನಿಯಲ್ಲಿ ನಿಜವಾದ ಮರುಕವಿತ್ತು. ಏಳುವುದು ಎಷ್ಟು ಸುಲಭವಾಗಿತ್ತೆಂದರೆ ಅರುಣಾ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದಳು. ಮತ್ತೆ ಕೂತಳು.

"ಇವತ್ತೇ ಕೇಳ್ರಿ ಮೇಡಂ. ಕೇಳಿದ ಮ್ಯಾಲ ಬ್ಯಾಡ ಅನ್ನಿಸಿದ್ರ ಬ್ಯಾಡ ಅನ್ರಿ."

ಮೂವರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಎಡಗಡೆಯ ಮುದುಕ, ಅವಳ ಕಣ್ಣು ತಪ್ಪಿಸಿ ಕಾಗದ ನೋಡುತ್ತ ಹೇಳಿದ: "ಸಣ್ಣ ಮಕ್ಕಳಿಗೆ ಕಲಿಸೋ ಒಂದು ಹಾಡು ಹೇಳ್ರಿ. ಅಭಿನಯ ಮಾಡಿ."

ಅರುಣಾ ಎದ್ದು ನಿಂತು, ಎಡಗೈ ಮುಂದೆ ಚಾಚಿದಳು. ಬಲಗೈಯ ಎರಡು ಬೆರಳನ್ನು ಅದರ ಮೇಲೆ ನಡೆಸುತ್ತ ಹಾಡಿದಳು.

"ಇರುವಿ ಹೊಂಟಿತು ಪ್ಯಾಟಿಗೆ
ಸಕ್ಕರಿ ತುಂಬಿತು ಮೂಟಿಗೆ..."

ಎರಡನೆಯ ಸಾಲಿನ ಹೊತ್ತಿಗೆ ಕಣ್ಣಿಂದ ನೀರು ಇಳಿಯತೊಡಗಿತು. ಮೇಡಂ ಸಾಕು ಎಂಬಂತೆ ಕೈಯೆತ್ತಿದರು. ಅವಳು ನೋಡಲಿಲ್ಲ. ಹಾಡಿನ ಇರುವೆ ಇನ್ನೂ ಮನೆ ಮುಟ್ಟಿರಲಿಲ್ಲ. ಬೆನ್ನ ಮೇಲೆ ಮೂಟೆ ಹೊತ್ತವಳ ಹಾಗೆ ಬಗ್ಗಿ, ಮೂಗು ಸೊರಸೊರ ಎನ್ನುತ್ತಿದ್ದರೂ ತಾಳ ತಪ್ಪದೆ, ಅರುಣಾ ತಂಬಾಕಿನ ಬಣ್ಣದ ಎರಡು ಬೆರಳುಗಳನ್ನು ಮುಂಗೈಯಿಂದ ಮೊಳಕೈಗೆ, ಮೊಳಕೈಯಿಂದ ಭುಜಕ್ಕೆ ನಡೆಸುತ್ತಲೇ ಇದ್ದಳು.