ಸ್ವಾಮಿಗೆ ಬಂದ ಸಿಟ್ಟು

ಸುವಾರ್ತೆಯ ಹಳೇ ಕೈಬರಹದ ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡುವುದು ಅಕ್ಕನ ಕೆಲಸ. ತಮ್ಮ ಪಾದ್ರಿ. ಒಂದು ಮಧ್ಯಾಹ್ನ ಅವನು ಗ್ರಂಥಾಲಯದ ಅವಳ ಕೋಣೆಗೆ ಮುಖ ಊದಿಸಿಕೊಂಡು ಬಂದ.

"ಕುಷ್ಠರೋಗಿಯನ್ನ ನೋಡಿ ಯೇಸುಸ್ವಾಮಿಗೆ ಕರುಣೆ ಬಂತು ಅಂತಲ್ವಾ ಇರೋದು? ನೀನು ಸಿಟ್ಟು ಬಂತು ಅಂತ ಬರೆದಿದ್ದೀಯಂತೆ."

"ಒಂದು ಹಳೇ ಪ್ರತೀಲಿ ಹಾಗೇ ಇದೆ."

"ಅಷ್ಟೊಂದು ಪ್ರತಿಗಳನ್ನ ಬಿಟ್ಟು ಅದೊಂದರ ಮಾತು ಕೇಳ್ತೀಯಾ?"

"ಊರೆಲ್ಲ ಒಬ್ಬನದನ್ನೇ ಕಾಪಿ ಹೊಡೆದ್ರೆ ಅದು ಒಂದೇ ಸಾಕ್ಷಿ ಕಣೋ. ಸಿಟ್ಟನ್ನ ಕರುಣೆ ಅಂತ ತಿದ್ದೋ ಭಕ್ತರು ಬೇಕಾದಷ್ಟು ಸಿಗ್ತಾರೆ. ಕರುಣೆ ಅಳಿಸಿ ಸಿಟ್ಟು ಅಂತ ಬರೆಯೋ ಮಹಾನುಭಾವ ಯಾರಿದ್ದಾನೆ?"

ಆ ಮಾತು ತಮ್ಮನ ತಲೆ ಕೊರೆಯತೊಡಗಿತು. ಭಾನುವಾರ ಚರ್ಚಿನಲ್ಲಿ ಅವನು, ಹಳೇ ಪ್ರತಿಯೊಂದರಲ್ಲಿ ಹೀಗೂ ಇದೆ ಎಂದು ಹೇಳಿ, ಸಿಟ್ಟು ಎಂದೇ ಓದಿದ. ಯಾರೂ ಎದ್ದು ಹೋಗಲಿಲ್ಲ. ಇಬ್ಬರು ಎಂದಿನಂತೆ ತೂಕಡಿಸುತ್ತಿದ್ದರು.

ಬಾಗಿಲ ಬಳಿ ಒಬ್ಬ ನರ್ಸ್ ಅವನನ್ನು ನಿಲ್ಲಿಸಿದಳು. "ಫಾದರ್, ದಿನವಿಡೀ ರೋಗಿಗಳ ಜೊತೆ ಇದ್ದು ನನಗೂ ಸಿಟ್ಟು ಬರುತ್ತೆ. ಇವತ್ತು ಮನಸ್ಸು ಹಗುರಾಯ್ತು."

ಸಂಜೆ ಅವನು ಅಕ್ಕನಿಗೆ ಫೋನ್ ಮಾಡಿದ. "ಸ್ವಾಮಿ ಇನ್ನೆಲ್ಲಾದ್ರೂ ರೇಗಿದ್ರೆ ಸ್ವಲ್ಪ ಹುಡುಕಿಡು."